ಸಮ್ಮೇಳನದ ಪದಕಕ್ಕೆ ಹುಣಸೆಹಣ್ಣು ಹಚ್ಚಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ ನಾಣ್ಯ ಸಂಗ್ರಹದ ಹುಚ್ಚಿತ್ತು. ಬೆಂಗಳೂರಿನಲ್ಲೂ ಹೊರರಾಜ್ಯಗಳಲ್ಲೂ ನಡೆದ ನಾಣ್ಯ ಸಮ್ಮೇಳನಗಳಿಂದ ಅವರು ತಂದ ಹದಿನೈದಿಪ್ಪತ್ತು ಬ್ಯಾಡ್ಜು, ಪದಕಗಳು ಒಂದು ಡಬ್ಬಿಯಲ್ಲಿವೆ. ಎಲ್ಲವೂ ಕಪ್ಪಾಗಿವೆ, ಕೆಲವಕ್ಕೆ ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಚ್ಚಿ ತೊಳೆದು ಜೋಡಿಸಿಡೋಣ ಅಂದುಕೊಂಡಿದ್ದೇವೆ. ತೊಂದರೆಯಿಲ್ಲ ತಾನೆ?
— ಚಿಂತಾಮಣಿಯ ಓದುಗರೊಬ್ಬರು

ಉತ್ತರ: ದಯವಿಟ್ಟು ಬೇಡ. ಹುಣಸೆಗೆ ಬರವಿಲ್ಲದ ಊರಿನವರಿಗೆ ಈ ಮಾತು ಹೇಳುವುದು ಕಷ್ಟವೇ, ಆದರೂ ಬೇಡ.

ದೇವರ ಮನೆಯ ದೀಪದ ಕಂಬಕ್ಕೆ ಹುಣಸೆ ಸರಿ. ಅದು ಗಟ್ಟಿ ಹಿತ್ತಾಳೆ, ವಾರಕ್ಕೊಮ್ಮೆ ತಿಕ್ಕಿದರೂ ಹತ್ತಾರು ವರ್ಷ ಬರುತ್ತದೆ. ಬ್ಯಾಡ್ಜಿನ ಕಥೆ ಬೇರೆ. ಚಿನ್ನದ ಬಣ್ಣದ ಬಹುಪಾಲು ಬ್ಯಾಡ್ಜ್‌ಗಳಲ್ಲಿ ಹಿತ್ತಾಳೆಯ ಮೇಲಿರುವ ಚಿನ್ನದ ನೀರು ಒಂದು ಮೈಕ್ರಾನಿನಷ್ಟೂ ದಪ್ಪವಿರುವುದಿಲ್ಲ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಬೆರಳಲ್ಲಿ ನಾಲ್ಕು ಸಲ ಉಜ್ಜಿದರೆ ಎತ್ತರದ ಅಕ್ಷರಗಳ ಮೇಲಿಂದ ಅದು ಹೊರಟುಹೋಗುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಬರೀ ಕೊಳೆಯನ್ನು ತೆಗೆದು ಸುಮ್ಮನಾಗುವುದಿಲ್ಲ. ಹೆಚ್ಚು ಹೊತ್ತು ನೆನೆಸಿದರೆ ಹಿತ್ತಾಳೆಯ ಸತುವನ್ನೂ ಎಳೆಯುತ್ತದೆ, ಮೈ ನಸುಗೆಂಪಾಗುತ್ತದೆ. ಜೊತೆಗೆ ಉಪ್ಪು ಸೇರಿಸುವ ಅಭ್ಯಾಸವಿದ್ದರೆ ಇನ್ನೂ ಕೆಟ್ಟದ್ದು. ಸಂದಿಗಳಲ್ಲಿ ಉಳಿದ ಉಪ್ಪು ಮಳೆಗಾಲದ ತೇವ ಹೀರಿ ಹೊಸ ಕಿಲುಬು ಎಬ್ಬಿಸುತ್ತದೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ನೀವು ಕೊಳೆ ಅಂದುಕೊಂಡಿರುವ ಕಪ್ಪಿನಲ್ಲಿ ಅರ್ಧ ತಯಾರಕರೇ ಕೊಟ್ಟದ್ದಿರಬಹುದು. ಕಂಚಿನ ಪದಕಗಳಿಗೆ ರಾಸಾಯನಿಕದಿಂದ ಕಪ್ಪು ಹತ್ತಿಸಿ, ಉಬ್ಬಿದ ಭಾಗವನ್ನು ಮಾತ್ರ ಉಜ್ಜಿ ಬಿಡುತ್ತಾರೆ. ಅಂಗಡಿಯಲ್ಲಿ ‘ಆಕ್ಸಿಡೈಸ್ಡ್’ ಅನ್ನುವುದು ಇದನ್ನೇ. ಭೂತಗನ್ನಡಿಯಲ್ಲಿ ನೋಡಿ: ಮುಖದ ಕೆನ್ನೆ, ಅಕ್ಷರದ ತಲೆ ತಿಳಿಯಾಗಿದ್ದು, ತಗ್ಗುಗಳಲ್ಲಿ ಮಾತ್ರ ಒಂದೇ ಹದದ ಕಪ್ಪಿದ್ದರೆ ಅದು ಕೊಳೆಯಲ್ಲ. ಅದನ್ನು ತೊಳೆದರೆ ಬರಹವೇ ಕಾಣದಂತಾಗುತ್ತದೆ.

ಮೊದಲು ಡಬ್ಬಿಯಲ್ಲಿರುವುದನ್ನು ಬೇರೆಬೇರೆ ಮಾಡಿಕೊಳ್ಳಿ. ರಿಬ್ಬನ್ ಇರುವವು ಒಂದು ಕಡೆ, ಬಣ್ಣ ತುಂಬಿದವು ಇನ್ನೊಂದು ಕಡೆ, ಬರೀ ಲೋಹದವು ಮತ್ತೊಂದು ಕಡೆ. ನೀರು ಮುಟ್ಟಿಸಬಹುದಾದದ್ದು ಕೊನೆಯ ಗುಂಪಿಗೆ ಮಾತ್ರ. ಎರಡೂ ಮುಖದ ಫೋಟೊ ತೆಗೆದಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಬಟ್ಟಲಿಗೆ ಹಾಕಿ, ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರೆಸಿ, ಪದಕವನ್ನು ಎರಡು ನಿಮಿಷ ಬಿಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ಜಾಲಿಸಿ, ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಒತ್ತಿ ತೇವ ತೆಗೆಯಿರಿ. ಒರೆಸಬೇಡಿ, ಒತ್ತಿ. ಬೋರ್‌ವೆಲ್ ನೀರು ಯಾಕಾಗದು ಅಂದರೆ ನಮ್ಮ ಕಡೆಯ ಗಡಸು ನೀರು ಒಣಗಿದಲ್ಲಿ ಬಿಳಿ ಕಲೆ ಬಿಡುತ್ತದೆ.

ಕಿಲುಬಿನಲ್ಲಿ ಎರಡು ಬಗೆ. ಕೈಗೆ ಜಿಡ್ಡಾಗಿ ಅಂಟುವ ಹಸಿರು ಸಾಮಾನ್ಯವಾಗಿ ಪಿವಿಸಿ ಎಂಬ ಮೆತ್ತನೆ ಪ್ಲಾಸ್ಟಿಕ್ ಕವರಿನ ಕೊಡುಗೆ. ಅದು ಅಸಿಟೋನ್‌ನಲ್ಲಿ ಕರಗುತ್ತದೆ. ಶುದ್ಧ ಅಸಿಟೋನ್ ಬೇಕು, ನೇಲ್ ಪಾಲಿಷ್ ರಿಮೂವರ್ ಅಲ್ಲ. ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದು, ಒಲೆಯಿಂದ ದೂರ. ಬಣ್ಣ ತುಂಬಿದ ಬ್ಯಾಡ್ಜನ್ನು ಅದಕ್ಕೆ ಅಪ್ಪಿತಪ್ಪಿಯೂ ಹಾಕಬೇಡಿ: ಕುಲುಮೆಯಲ್ಲಿ ಸುಟ್ಟ ಗಾಜಿನ ಎನಾಮಲ್ ತಡೆದುಕೊಂಡೀತು, ತಗ್ಗಿಗೆ ತುಂಬಿದ ಪೇಂಟು, ಮೇಲೆ ಹೊಯ್ದ ಎಪಾಕ್ಸಿ ತಡೆಯುವುದಿಲ್ಲ. ಇನ್ನೊಂದು ಬಗೆ, ಪುಡಿಪುಡಿಯಾಗಿ ಉದುರುವ ತಿಳಿಹಸಿರು. ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟು ಒಂದು ದಿನ ಕಾದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದರ ಆಮ್ಲವೇ ತಾಮ್ರದ ಜೊತೆ ಸೇರಿ ಹಸಿರಾಗುತ್ತದೆ. ಎರಡು ವಾರದಲ್ಲಿ ಅದೇ ಜಾಗದಲ್ಲಿ ಪುಡಿ ಮತ್ತೆ ಎದ್ದರೆ ಆ ಪದಕವನ್ನು ಉಳಿದವುಗಳಿಂದ ಬೇರೆ ಇಡಿ.

‘ಬೆಳ್ಳಿ ಪದಕ’ ಅಂತ ಮನೆಯವರು ಕರೆಯುವುದರಲ್ಲಿ ಬಹಳಷ್ಟು ಜರ್ಮನ್ ಸಿಲ್ವರ್ ಇರುತ್ತದೆ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿಯ ಒಂದು ಚೂರೂ ಇಲ್ಲ. ಉಜ್ಜಿ, ಗೀರಿ ನೋಡಬೇಕಿಲ್ಲ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಪದಕ ತೂಗಿ. ಆಮೇಲೆ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ, ಪದಕವನ್ನು ದಾರದಲ್ಲಿ ಕಟ್ಟಿ, ಲೋಟದ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಪದಕದ ತೂಕ 25.60 ಗ್ರಾಂ, ಮುಳುಗಿಸಿದಾಗ ತಕ್ಕಡಿ 2.95 ತೋರಿಸಿತು ಅನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ 8.68, ಅಂದರೆ ಬೆಳ್ಳಿಯಲ್ಲ. ಶುದ್ಧ ಬೆಳ್ಳಿಯಾಗಿದ್ದರೆ 2.44ರ ಆಸುಪಾಸು ಬರಬೇಕಿತ್ತು, ಅದರ ಸಾಂದ್ರತೆ 10.49. ಪದಕಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ. ಪಿನ್ನು, ಎನಾಮಲ್ ಇರುವ ಬ್ಯಾಡ್ಜಿಗಂತೂ ಈ ಪರೀಕ್ಷೆ ಬೇಡವೇ ಬೇಡ.

ರಿಬ್ಬನ್ ಇರುವವನ್ನು ಬಿಡಿಸಬೇಡಿ. ಮೇಲೊಂದು ಪಟ್ಟಿ, ನಡುವೆ ರಿಬ್ಬನ್, ಕೆಳಗೆ ತೂಗುವ ಪದಕ: ಸಮ್ಮೇಳನದ ಬ್ಯಾಡ್ಜಿನ ಹಳೇ ಕಟ್ಟು ಇದು. ಪಟ್ಟಿಯ ಮೇಲೆ ಪ್ರತಿನಿಧಿ, ಸಮಿತಿ ಸದಸ್ಯ ಎಂದೆಲ್ಲ ಬರೆದಿರುತ್ತದೆ. ಪ್ರತಿನಿಧಿಗಿಂತ ಸಮಿತಿಯವರು ಕಡಿಮೆ, ಹಾಗಾಗಿ ಅವರ ಬ್ಯಾಡ್ಜೂ ಅಪರೂಪ. ಪಟ್ಟಿ ಕಳಚಿದರೆ ಆ ಗುರುತೇ ಹೋಯಿತು. ಒಗೆಯುವುದು, ಇಸ್ತ್ರಿ ಹಾಕುವುದು ಎರಡೂ ಬೇಡ, ಬಣ್ಣ ಇಳಿಯುತ್ತದೆ. ಹಿಂದಿನ ಕಬ್ಬಿಣದ ಪಿನ್ನಿನ ತುಕ್ಕು ರಿಬ್ಬನ್‌ಗೆ ಹತ್ತದಂತೆ ನಡುವೆ ಪಾಲಿಯೆಸ್ಟರ್ ಹಾಳೆಯ ಚಿಕ್ಕ ತುಂಡು ತೂರಿಸಿ ಮಟ್ಟಸವಾಗಿ ಮಲಗಿಸಿಡಿ.

ಇಡುವ ಕವರು ಹೊಸ ರೇನ್‌ಕೋಟಿನ ವಾಸನೆ ಹೊಡೆದರೆ ಪಿವಿಸಿ ಅಂತಲೇ ತಿಳಿಯಿರಿ. ಮಡಚಿದಾಗ ಪರಪರ ಅನ್ನುವ ಗಡಸು ಪಾಲಿಯೆಸ್ಟರ್ ಕವರು ವಾಸಿ. ರಬ್ಬರ್‌ಬ್ಯಾಂಡಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಬೀರುವಿನಲ್ಲಿ ನುಸಿಗುಳಿಗೆ ಇದ್ದರೆ ಈ ಡಬ್ಬಿಯನ್ನು ಬೇರೆ ಕಡೆ ಇಡಿ.

ಕೊನೆಗೆ, ಹರಿದ ರಟ್ಟಿನ ಪೆಟ್ಟಿಗೆ, ಅದರ ಮೇಲಿನ ಚೀಟಿಯನ್ನು ಎಸೆಯಬೇಡಿ. ಇಸವಿಯಿಲ್ಲದ ಪದಕದ ವಯಸ್ಸು ಹೇಳುವುದು ಅವೇ. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ‘ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆ’ ಅಂತಿದ್ದರೆ 2007ರಲ್ಲಿ ಜಿಲ್ಲೆ ಒಡೆಯುವುದಕ್ಕೆ ಮುಂಚಿನದು. ತಯಾರಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಚೀಟಿ ಅಚ್ಚಾದದ್ದು 1972ರ ಆಗಸ್ಟ್ 15ರ ನಂತರ. ಬರೀ ‘ಬೆಂಗಳೂರು–2’ ಅಂತ ಹಳೇ ಅಂಚೆ ವಲಯದ ಸಂಖ್ಯೆಯಷ್ಟೇ ಇದ್ದರೆ ಅದಕ್ಕೂ ಹಳೆಯದಿರಬಹುದು, ಆದರೆ ಖಚಿತವಲ್ಲ: ಪಿನ್‌ಕೋಡ್ ಬಂದ ಮೇಲೂ ಹಳೇ ರೂಢಿಯಲ್ಲೇ ವಿಳಾಸ ಬರೆದವರಿದ್ದರು.