‘ಆಕೆಯಿಂದಾದೀತೇ?’: ಅಮೆರಿಕದ ಅಧ್ಯಕ್ಷೀಯ ಕಣದಲ್ಲಿ ಒಂದು ಪ್ರಶ್ನೆಯ ಚರಿತ್ರೆ

1984ರ ಬೇಸಿಗೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಜೆರಾಲ್ಡೀನ್ ಫೆರಾರೊ ಪ್ರಚಾರಕ್ಕೆಂದು ಮಿಸಿಸಿಪ್ಪಿ ರಾಜ್ಯಕ್ಕೆ ಹೋಗಿದ್ದರು. ಆ ರಾಜ್ಯದ ಕೃಷಿ ಆಯುಕ್ತರು ತಮ್ಮ ನೆಲದಲ್ಲಿ ಬೆಳೆಯುವ ಬೆಳೆಗಳ ಬಗ್ಗೆ ಹೇಳುತ್ತ ಬ್ಲೂಬೆರಿ ಹಣ್ಣಿನ ಮಾತು ತೆಗೆದು, ‘ನಿಮಗೆ ಬ್ಲೂಬೆರಿ ಮಫಿನ್ ಮಾಡಲು ಬರುತ್ತದೆಯೇ?’ ಎಂದು ಕೇಳಿದರು. ‘ಚೆನ್ನಾಗಿಯೇ ಬರುತ್ತದೆ, ನಿಮಗೆ?’ ಎಂದು ಫೆರಾರೊ ಮರುಪ್ರಶ್ನೆ ಹಾಕಿದಾಗ, ನಮ್ಮ ಕಡೆ ಗಂಡಸರು ಅಡುಗೆ ಮಾಡುವುದಿಲ್ಲ ಎಂಬ ಉತ್ತರ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಮೀಟ್ ದಿ ಪ್ರೆಸ್’ ಟಿ.ವಿ. ಕಾರ್ಯಕ್ರಮದ ನಿರೂಪಕ ಮಾರ್ವಿನ್ ಕಾಲ್ಬ್ ಅವರು ಅದೇ ಅಭ್ಯರ್ಥಿಯನ್ನು, ಅಣ್ವಸ್ತ್ರದ ಗುಂಡಿ ಒತ್ತಲು ನಿಮ್ಮಿಂದ ಸಾಧ್ಯವೇ ಎಂದು ಕೇಳಿದರು. ದೇಶದ ಭದ್ರತೆಗೆ ಏನು ಅಗತ್ಯವೋ ಅದನ್ನು ಮಾಡಬಲ್ಲೆ ಎಂದು ಆಕೆ ಉತ್ತರಿಸಿದರು.

ಒಂದು ಪ್ರಶ್ನೆ ಒಲೆಯ ಮುಂದಿನದು, ಇನ್ನೊಂದು ಯುದ್ಧದ್ದು. ಮೊದಲನೆಯದಕ್ಕೆ ‘ಬರುವುದಿಲ್ಲ’ ಎಂದಿದ್ದರೆ ಈಕೆ ಹೆಣ್ಣೇ ಅಲ್ಲ ಎಂಬ ಮಾತು ಹುಟ್ಟುತ್ತಿತ್ತು. ಎರಡನೆಯದಕ್ಕೆ ಅರೆಕ್ಷಣ ತಡವರಿಸಿದ್ದರೂ ಈಕೆ ನಾಯಕಿಯಲ್ಲ ಎಂಬ ತೀರ್ಪು ಹೊರಬೀಳುತ್ತಿತ್ತು. ಒಬ್ಬಳೇ ವ್ಯಕ್ತಿ ಒಂದೇ ಪ್ರಚಾರದಲ್ಲಿ ಇವೆರಡಕ್ಕೂ ಉತ್ತರಿಸಬೇಕಾಗಿ ಬಂದದ್ದನ್ನು ಆ ಕಾಲದ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಹೆಣ್ಣೊಬ್ಬಳು ಸ್ಪರ್ಧಿಸಿದಾಗಲೆಲ್ಲ ‘ನೀವು ಏನು ಮಾಡುತ್ತೀರಿ’ ಎನ್ನುವುದಕ್ಕಿಂತ ಮೊದಲು ‘ನಿಮ್ಮಿಂದ ಆದೀತೇ’ ಎಂಬ ಪ್ರಶ್ನೆ ಎದುರಾಗಿದೆ. ಅದನ್ನು ಕೇಳುವವರು ಬದಲಾಗಿದ್ದಾರೆ, ಕೇಳುವ ಧಾಟಿ ನಯವಾಗಿದೆ, ಆದರೆ ಪ್ರಶ್ನೆ ಕಣ ಬಿಟ್ಟು ಹೋಗಿಲ್ಲ.

ಅದರ ಮೊದಲ ರೂಪ ಒಂದು ಚಿತ್ರದಲ್ಲಿದೆ. 1872ರಲ್ಲಿ ವಿಕ್ಟೋರಿಯಾ ವುಡ್‌ಹಲ್ ಸಮಾನ ಹಕ್ಕುಗಳ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತರು. ಅದಕ್ಕೆ ಎರಡು ವರ್ಷ ಮೊದಲು ತಂಗಿಯೊಡನೆ ಸೇರಿ ವಾಲ್ ಸ್ಟ್ರೀಟ್‌ನಲ್ಲಿ ಷೇರು ದಲ್ಲಾಳಿ ಸಂಸ್ಥೆ ತೆರೆದಿದ್ದ, ಸ್ವಂತ ವಾರಪತ್ರಿಕೆ ನಡೆಸುತ್ತಿದ್ದ, ಮದುವೆ ಮತ್ತು ವಿಚ್ಛೇದನದ ಕಾನೂನುಗಳನ್ನು ಬಹಿರಂಗವಾಗಿ ಪ್ರಶ್ನಿಸುತ್ತಿದ್ದ ಹೆಂಗಸು ಆಕೆ. ಆ ವರ್ಷದ ಫೆಬ್ರವರಿಯಲ್ಲಿ ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಹೆಸರಾಂತ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಆಕೆಗೆ ಕೊಂಬು ಮತ್ತು ಬಾವಲಿಯ ರೆಕ್ಕೆ ಜೋಡಿಸಿ ಸೈತಾನಳಾಗಿ ಚಿತ್ರಿಸಿದ. ಚಿತ್ರದ ಹಿನ್ನೆಲೆಯಲ್ಲಿ ಇನ್ನೊಬ್ಬ ಹೆಂಗಸು ಕುಡುಕ ಗಂಡನನ್ನೂ ಮಕ್ಕಳನ್ನೂ ಬೆನ್ನ ಮೇಲೆ ಹೊತ್ತು, ನಡು ಬಗ್ಗಿಸಿ, ಕಲ್ಲುದಾರಿಯಲ್ಲಿ ಏರುತ್ತಿದ್ದಾಳೆ; ನಿನ್ನ ಹಿಂದೆ ಬರುವುದಕ್ಕಿಂತ ಸಂಸಾರದ ಈ ಕಡುಕಷ್ಟದ ಹಾದಿಯೇ ಲೇಸು ಎನ್ನುತ್ತಿದ್ದಾಳೆ. ಸಂವಿಧಾನದ ಪ್ರಕಾರ ಅಧ್ಯಕ್ಷರಿಗೆ 35 ವರ್ಷ ತುಂಬಿರಬೇಕು, ವುಡ್‌ಹಲ್‌ಗೆ ಅಷ್ಟಾಗಿರಲಿಲ್ಲ. ಆಕೆಯ ಉಮೇದುವಾರಿಕೆಯನ್ನು ಪ್ರಶ್ನಿಸಲು ಅದೊಂದೇ ಸಾಕಿತ್ತು. ಆದರೆ ಆ ಚಿತ್ರ ಕೇಳಿದ್ದು ಆಕೆಯ ವಯಸ್ಸನ್ನಲ್ಲ, ಅರ್ಹತೆಯನ್ನೂ ಅಲ್ಲ, ಶೀಲವನ್ನು. ಮತದಾನದ ದಿನ ಆಕೆ ನ್ಯೂಯಾರ್ಕ್‌ನ ಸೆರೆಮನೆಯಲ್ಲಿದ್ದರು: ಖ್ಯಾತ ಪಾದ್ರಿಯೊಬ್ಬರ ವಿವಾಹೇತರ ಸಂಬಂಧದ ಆರೋಪವನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದ್ದಕ್ಕಾಗಿ, ಅಶ್ಲೀಲ ಬರಹವನ್ನು ಅಂಚೆಯಲ್ಲಿ ಕಳಿಸಿದ ಅಪರಾಧ ಅವರ ಮೇಲೆ ಹೊರಿಸಲಾಗಿತ್ತು.

ಹನ್ನೆರಡು ವರ್ಷಗಳ ನಂತರ ವಕೀಲೆ ಬೆಲ್ವಾ ಲಾಕ್‌ವುಡ್ ಕಣಕ್ಕಿಳಿದರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಮೊದಲ ಮಹಿಳೆ ಅವರು. ಹೆಂಗಸರಿಗೆ ಮತ ಹಾಕುವ ಹಕ್ಕಿಲ್ಲದಿದ್ದರೂ ಹೆಂಗಸಿಗೆ ಮತ ಹಾಕಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ ಎಂಬುದು ಅವರ ವಾದ, ಮತ್ತು ಅದು ನೇರ ಕಾನೂನಿನ ಮಾತು. ಆ ವಾದಕ್ಕೆ ಬೀದಿಯಲ್ಲಿ ಸಿಕ್ಕ ಉತ್ತರವೆಂದರೆ, ಕೆಲವು ಊರುಗಳಲ್ಲಿ ಗಂಡಸರು ಹೆಂಗಸರ ನಿಲುವಂಗಿ ತೊಟ್ಟು ಗೇಲಿಯ ಮೆರವಣಿಗೆ ಹೊರಟದ್ದು. ಹೆಂಗಸರಿಗೆ ಮತದಾನದ ಹಕ್ಕನ್ನು ದೇಶದಾದ್ಯಂತ ಖಾತರಿಪಡಿಸಿದ ಸಂವಿಧಾನ ತಿದ್ದುಪಡಿ ಬಂದದ್ದು 1920ರಲ್ಲಿ. ಅದಾಗಿ 17 ವರ್ಷಗಳ ಮೇಲೆ, 1937ರಲ್ಲಿ, ಉಳಿದೆಲ್ಲ ವಿಧದಲ್ಲೂ ಅರ್ಹಳಾದ ಹೆಣ್ಣು ಅಧ್ಯಕ್ಷ ಪದವಿಗೆ ನಿಂತರೆ ಮತ ಕೊಡುತ್ತೀರಾ ಎಂದು ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳಿದಾಗ, ಹೌದೆಂದವರು ಶೇ 33ರಷ್ಟು ಮಂದಿ ಮಾತ್ರ.

ಈ ಚರಿತ್ರೆಯಲ್ಲಿ ಪ್ರಶ್ನೆ ಏನೆಂಬುದಷ್ಟೇ ಅಲ್ಲ, ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಯಾರಿದ್ದರು ಎಂಬುದೂ ಮುಖ್ಯ. 1964ರ ಜನವರಿ 27ರಂದು ಮೇಯ್ನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಮಾರ್ಗರೆಟ್ ಚೇಸ್ ಸ್ಮಿತ್ ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಾಗಿ ಪ್ರಕಟಿಸಿದ್ದು ವಾಷಿಂಗ್ಟನ್‌ನ ಮಹಿಳಾ ರಾಷ್ಟ್ರೀಯ ಪ್ರೆಸ್ ಕ್ಲಬ್‌ನ ಸಭೆಯಲ್ಲಿ. ಹಾಗೊಂದು ಪ್ರತ್ಯೇಕ ಕ್ಲಬ್ ಇದ್ದದ್ದಕ್ಕೆ ಕಾರಣವಿತ್ತು: ರಾಷ್ಟ್ರೀಯ ಪ್ರೆಸ್ ಕ್ಲಬ್ 1971ರವರೆಗೆ ಹೆಂಗಸರಿಗೆ ಸದಸ್ಯತ್ವ ಕೊಡಲೇ ಇಲ್ಲ. ಅಲ್ಲಿ ದೇಶವಿದೇಶದ ನಾಯಕರು ಭಾಷಣ ಮಾಡುವಾಗ ಗಂಡಸರು ಕೆಳಗೆ ಊಟದ ಮೇಜಿನ ಸುತ್ತ ಕುಳಿತಿರುತ್ತಿದ್ದರು. ವರದಿಗೆ ಬಂದ ಮಹಿಳಾ ಪತ್ರಕರ್ತರು 1955ರಿಂದೀಚೆಗೆ ಮೇಲಿನ ಬಾಲ್ಕನಿಯಲ್ಲಿ ನಿಂತು ಟಿಪ್ಪಣಿ ಬರೆದುಕೊಳ್ಳಬಹುದಿತ್ತು, ಪ್ರಶ್ನೆ ಕೇಳುವಂತಿರಲಿಲ್ಲ. ನಾಯಕತ್ವವೆಂದರೇನು ಎಂದು ದೇಶಕ್ಕೆ ಬಿಡಿಸಿ ಹೇಳುವ ಸುದ್ದಿಮನೆಯೇ ಹೀಗಿದ್ದಾಗ, ನಾಯಕನ ಅಳತೆಗೋಲು ಗಂಡಸಿನ ಮೈಕಟ್ಟಿಗೆ, ಗಂಡಸಿನ ದನಿಗೆ ಹೊಂದುವಂತೆ ಸಿದ್ಧವಾದದ್ದು ಸಹಜ. ಸ್ಮಿತ್ ಅಂದು ತಮ್ಮ ವಿರುದ್ಧ ಕೇಳಿಬರುತ್ತಿದ್ದ ಕಾರಣಗಳನ್ನು ತಾವೇ ಸಭೆಯ ಮುಂದಿಟ್ಟರು: ಇದು ಗಂಡಸರ ಲೋಕ, ಹೆಂಗಸಿಗೆ ಪ್ರಚಾರದ ದಣಿವು ತಾಳುವ ಶಕ್ತಿಯಿಲ್ಲ, ಎಂಬಂಥವು. ಹದಿನಾಲ್ಕು ವರ್ಷ ಮೊದಲು, ಕಂಡಕಂಡವರಿಗೆ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಅಬ್ಬರಕ್ಕೆ ಘಟಾನುಘಟಿಗಳೇ ಬಾಯಿ ಕಟ್ಟಿಕೊಂಡಿದ್ದಾಗ, ಸೆನೆಟ್‌ನಲ್ಲಿ ಎದ್ದು ನಿಂತು ಅದನ್ನು ಖಂಡಿಸಿದವರು ಇದೇ ಸ್ಮಿತ್. ಆ ಎದೆಗಾರಿಕೆ ದಾಖಲೆಯಲ್ಲಿದ್ದರೂ ಆಕೆ ಮೈಶಕ್ತಿಗೆ ಸಮಜಾಯಿಷಿ ಕೊಡಬೇಕಾಯಿತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸ್ಯಾನ್ ಫ್ರಾನ್ಸಿಸ್ಕೋ ಮಹಾಧಿವೇಶನದಲ್ಲಿ ಅವರಿಗೆ 27 ಪ್ರತಿನಿಧಿಗಳ ಮತ ಬಂದವು.

1972ರಲ್ಲಿ ಶರ್ಲಿ ಚಿಸಮ್ ಎದುರಿಸಿದ್ದು ಇನ್ನೊಂದು ಬಗೆಯ ಅಡ್ಡಿ. ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆಯಾದ ಅವರು, ನಾನು ಕಪ್ಪು ಜನರ ಅಭ್ಯರ್ಥಿಯೆಂದಾಗಲಿ ಮಹಿಳಾ ಚಳವಳಿಯ ಅಭ್ಯರ್ಥಿಯೆಂದಾಗಲಿ ನಿಂತಿಲ್ಲ, ಎರಡೂ ಆಗಿರುವುದು ನನಗೆ ಹೆಮ್ಮೆ, ಆದರೆ ನಾನು ಅಮೆರಿಕದ ಜನರ ಅಭ್ಯರ್ಥಿ ಎಂದು ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ಘೋಷಿಸಿದರು. ಡೆಮಾಕ್ರಟಿಕ್ ಅಭ್ಯರ್ಥಿಯ ಆಯ್ಕೆಗಾಗಿ ನಡೆದ ಕ್ಯಾಲಿಫೋರ್ನಿಯಾ ಪ್ರಾಥಮಿಕ ಚುನಾವಣೆಗೆ ಮೊದಲು, ಸ್ಪರ್ಧಿಗಳಾದ ಜಾರ್ಜ್ ಮೆಕ್‌ಗವರ್ನ್ ಮತ್ತು ಹ್ಯೂಬರ್ಟ್ ಹಂಫ್ರಿ ಅವರ ನಡುವೆ ಟಿ.ವಿ. ಚರ್ಚೆಗಳು ನಡೆದಾಗ ಚಿಸಮ್ ಅವರನ್ನು ಹೊರಗಿಡಲಾಯಿತು. ಅವರು ನ್ಯಾಯಾಲಯದ ಮೆಟ್ಟಿಲೇರಿ ಪ್ರಸಾರ ಸಮಯ ಪಡೆಯಬೇಕಾಯಿತು. ಕೆಟ್ಟ ಪ್ರಶ್ನೆ ಕೇಳುವುದು ಒಂದು ರೀತಿಯ ಅನ್ಯಾಯವಾದರೆ, ಪ್ರಶ್ನೆ ಕೇಳಲಿಕ್ಕೂ ಕರೆಯದಿರುವುದು ಇನ್ನೊಂದು. ಎರಡನೆಯದರ ಬಗ್ಗೆ ಬರೆದವರು ಕಡಿಮೆ. ಮಯಾಮಿ ಬೀಚ್‌ನ ಮಹಾಧಿವೇಶನದಲ್ಲಿ ಚಿಸಮ್‌ಗೆ 152 ಮತಗಳು ದೊರೆತವು.

ಮತ್ತೆ ಫೆರಾರೊ ಬಳಿಗೆ ಬರೋಣ, ಏಕೆಂದರೆ ಪ್ರಮುಖ ಪಕ್ಷವೊಂದು ಮಹಿಳೆಯನ್ನು ದೇಶದ ಎರಡನೆಯ ಅತ್ಯುನ್ನತ ಹುದ್ದೆಗೆ ನಿಲ್ಲಿಸಿದ್ದು ಅದೇ ಮೊದಲು, ಮತ್ತು ಪತ್ರಿಕೆಗಳಿಗೆ ಆಕೆಯನ್ನು ಏನೆಂದು ಕರೆಯಬೇಕೆಂಬುದೇ ತಿಳಿಯದಾಗಿತ್ತು. ಫೆರಾರೊ ಎಂಬುದು ತವರಿನ ಹೆಸರು, ಗಂಡನ ಮನೆತನ ಜಕಾರೊ. ‘ಮಿಸೆಸ್’ ಎಂದರೆ ಗಂಡನ ಹೆಸರು ಸೇರಬೇಕು, ‘ಮಿಸ್’ ಎಂದರೆ ಮದುವೆಯಾಗಿಲ್ಲವೆಂದಾಗುತ್ತದೆ. ಎರಡೂ ಅಲ್ಲದ ‘ಮಿಜ್’ ಎಂಬ ಸಂಬೋಧನೆಯನ್ನು ‘ನ್ಯೂಯಾರ್ಕ್ ಟೈಮ್ಸ್’ ತನ್ನ ಭಾಷಾ ನಿಯಮದಲ್ಲಿ ಒಪ್ಪುತ್ತಿರಲಿಲ್ಲ. ಆದ್ದರಿಂದ ಆ ಪತ್ರಿಕೆ ಚುನಾವಣೆಯುದ್ದಕ್ಕೂ ಆಕೆಯನ್ನು ‘ಮಿಸೆಸ್ ಫೆರಾರೊ’ ಎಂದು ಬರೆಯಿತು. ಅಂಥ ಹೆಸರಿನ ಗೃಹಿಣಿ ಆ ಮನೆಯಲ್ಲಿ ಇರಲೇ ಇಲ್ಲ. ಪತ್ರಿಕೆ ನಿಯಮ ಬದಲಿಸಿದ್ದು 1986ರಲ್ಲಿ, ಆಕೆ ಸೋತು ಮನೆಗೆ ಮರಳಿದ ಮೇಲೆ. ಇದು ಕ್ಷುಲ್ಲಕ ವಿಷಯವೆಂದು ಅನಿಸಬಹುದು. ಆದರೆ ಗಂಡು ಅಭ್ಯರ್ಥಿಯ ಹೆಸರಿನ ಹಿಂದಿನ ಸಂಬೋಧನೆ ಅವನ ಮದುವೆಯ ಸುದ್ದಿ ಹೇಳುವುದಿಲ್ಲ. ಹೆಣ್ಣು ಅಭ್ಯರ್ಥಿಯದು ಪ್ರತಿ ವಾಕ್ಯದಲ್ಲೂ ಹೇಳುತ್ತಿತ್ತು. ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಅವರು ಇರಾನಿಗೂ ಲೆಬನಾನ್ ರಾಯಭಾರ ಕಚೇರಿಗೂ ಇರುವ ವ್ಯತ್ಯಾಸವನ್ನು ತಿಳಿಸಿಕೊಡುತ್ತೇನೆ, ಮಿಸೆಸ್ ಫೆರಾರೊ, ಎಂದಾಗ, ವಿದೇಶಾಂಗ ನೀತಿಯನ್ನು ನನಗೆ ಕಲಿಸಬೇಕೆಂಬ ನಿಮ್ಮ ಧೋರಣೆ ನನಗೆ ಹಿಡಿಸುವುದಿಲ್ಲ ಎಂದು ಆಕೆ ಅಲ್ಲಿಯೇ ತಿರುಗಿ ಹೇಳಿದರು.

ಕಣ್ಣೀರಿನ ಲೆಕ್ಕವನ್ನೂ ಇಲ್ಲಿ ನೋಡಬೇಕು. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಮುಂಚೂಣಿಯ ಅಭ್ಯರ್ಥಿಯಾಗಿದ್ದ ಎಡ್ಮಂಡ್ ಮಸ್ಕಿ, ತಮ್ಮ ಹೆಂಡತಿಯ ಬಗ್ಗೆ ಕೆಟ್ಟದಾಗಿ ಬರೆದ ಪತ್ರಿಕೆಯೊಂದರ ಕಟ್ಟಡದ ಎದುರು ಸುರಿವ ಹಿಮದಲ್ಲಿ ನಿಂತು ಮಾತನಾಡುವಾಗ ಗದ್ಗದಿತರಾದರು. ಮುಖದ ಮೇಲಿದ್ದುದು ಕರಗಿದ ಹಿಮವೆಂದು ಅವರು ಹೇಳಿದರೂ ಪ್ರಚಾರ ಚೇತರಿಸಿಕೊಳ್ಳಲಿಲ್ಲ. ಅವರ ಮೇಲಿನ ಆಕ್ಷೇಪ ಅಧ್ಯಕ್ಷನಾಗುವವನು ಅಳಬಾರದು ಎಂಬುದಾಗಿತ್ತು. 1987ರ ಸೆಪ್ಟೆಂಬರ್‌ನಲ್ಲಿ ಕೊಲರಾಡೊ ಸಂಸದೆ ಪ್ಯಾಟ್ ಶ್ರೋಡರ್ ತಾವು ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಿಲ್ಲವೆಂದು ಡೆನ್ವರ್‌ನಲ್ಲಿ ಪ್ರಕಟಿಸುವಾಗ ಅತ್ತು, ಗಂಡನ ಹೆಗಲಿಗೆ ತಲೆಯಾನಿಸಿದರು. ಅವರ ಮೇಲೆ ಬಂದ ಆಕ್ಷೇಪ ಬೇರೆ ಜಾತಿಯದು: ನೋಡಿ, ಹೆಂಗಸರು ಹೀಗೆಯೇ. ಗಂಡಸಿನ ಕಣ್ಣೀರು ಆ ಗಂಡಸನ್ನು ಮಾತ್ರ ಕೆಡಿಸಿತು. ಹೆಂಗಸಿನ ಕಣ್ಣೀರಿಗೆ ಇಡೀ ಕುಲ ಉತ್ತರ ಕೊಡಬೇಕಾಯಿತು. ಮುಂದೆ ಹಲವು ವರ್ಷ ಶ್ರೋಡರ್, ಸಾರ್ವಜನಿಕವಾಗಿ ಅತ್ತ ಪುರುಷ ರಾಜಕಾರಣಿಗಳ ಸುದ್ದಿಗಳನ್ನು ಕತ್ತರಿಸಿ ಒಂದು ಕಡತದಲ್ಲಿ ಕೂಡಿಡುತ್ತಿದ್ದರು.

2008ರ ಜನವರಿ 7ರಂದು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಪಟ್ಟಣದ ಕಾಫಿ ಅಂಗಡಿಯೊಂದರಲ್ಲಿ, ಇಷ್ಟೆಲ್ಲವನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಮತದಾರೆಯೊಬ್ಬರು ಕೇಳಿದಾಗ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಹಿಲರಿ ಕ್ಲಿಂಟನ್ ಅವರ ಗಂಟಲು ಕಟ್ಟಿತು, ಕಣ್ಣು ತೇವಗೊಂಡವು. ಅದೇ ದಿನ ಬೇರೊಂದು ಸಭೆಯಲ್ಲಿ ಇಬ್ಬರು ಯುವಕರು ‘ನನ್ನ ಅಂಗಿ ಇಸ್ತ್ರಿ ಮಾಡು’ ಎಂದು ಕೂಗಿದ್ದರು. ಕೆಲವೇ ಸೆಕೆಂಡುಗಳ ಆ ದೃಶ್ಯವನ್ನು ಟಿ.ವಿ. ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು, ಆ ಭಾವ ನಿಜವೋ ನಟನೆಯೋ ಎಂದು ತಜ್ಞರನ್ನು ಕೂರಿಸಿ ಚರ್ಚಿಸಿದವು. ಅದುವರೆಗೆ ಆಕೆಯ ಮೇಲಿದ್ದ ದೂರು ಆಕೆ ಕಲ್ಲೆದೆಯವಳು ಎಂಬುದು. ಮರುದಿನ, ಸಮೀಕ್ಷೆಗಳ ನಿರೀಕ್ಷೆ ಮೀರಿ, ಆಕೆ ಆ ರಾಜ್ಯದ ಪ್ರಾಥಮಿಕ ಚುನಾವಣೆಯನ್ನು ಗೆದ್ದರು. ಸಂವಹನ ಶಾಸ್ತ್ರದ ವಿದ್ವಾಂಸೆ ಕ್ಯಾತ್ಲೀನ್ ಹಾಲ್ ಜೇಮೀಸನ್ 1990ರ ದಶಕದಲ್ಲೇ ಗುರುತಿಸಿದ್ದ ಇಬ್ಬಂದಿ ಇದು: ಮೃದುವಾದರೆ ನಾಯಕತ್ವಕ್ಕೆ ಸಾಲದು, ಗಟ್ಟಿಯಾದರೆ ಹೆಣ್ತನಕ್ಕೆ ಸಾಲದು, ಅತ್ತ ದರಿ, ಇತ್ತ ಪುಲಿ.

ಉಡುಪಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸೆನೆಟ್‌ನಲ್ಲಿ ಕ್ಲಿಂಟನ್ ತೊಟ್ಟ ಕುಪ್ಪಸದ ಕತ್ತಿನ ಆಳದ ಬಗ್ಗೆ 2007ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಒಂದು ಲೇಖನವನ್ನೇ ಪ್ರಕಟಿಸಿತು. ಮರುವರ್ಷ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಸಾರಾ ಪೇಲಿನ್ ಅವರ ಬಟ್ಟೆಬರೆಗೆ ಪಕ್ಷ ಸುಮಾರು 1,50,000 ಡಾಲರ್ ವೆಚ್ಚ ಮಾಡಿದ್ದು ದಿನಗಟ್ಟಲೆ ಸುದ್ದಿಯಾಯಿತು. 2016ರ ಹೊತ್ತಿಗೆ ಈ ಮಾತು ಪತ್ರಕರ್ತರ ಬಾಯಿಂದ ನೇರವಾಗಿ ಎದುರಾಳಿಯ ಬಾಯಿಗೆ ಬಂದಿತ್ತು. ಡೊನಾಲ್ಡ್ ಟ್ರಂಪ್ ತಮ್ಮ ಪಕ್ಷದವರೇ ಆದ ಕಾರ್ಲಿ ಫಿಯೊರಿನಾ ಅವರ ಮುಖ ನೋಡಿ ಯಾರಾದರೂ ಮತ ಹಾಕುತ್ತಾರೆಯೇ ಎಂದರು. ಕ್ಲಿಂಟನ್‌ಗೆ ಅಧ್ಯಕ್ಷೀಯ ಕಳೆಯಿಲ್ಲ, ತ್ರಾಣವಿಲ್ಲ ಎಂದರು. ತ್ರಾಣದ ಮಾತನ್ನು 1964ರಲ್ಲಿ ಸ್ಮಿತ್ ಕೂಡ ಕೇಳಿದ್ದರು. ಆ ಚುನಾವಣೆಯಲ್ಲಿ ಕ್ಲಿಂಟನ್ ಸುಮಾರು 29 ಲಕ್ಷ ಮತ ಹೆಚ್ಚು ಪಡೆದೂ, ರಾಜ್ಯವಾರು ಮತಗಳಿಂದ ಅಧ್ಯಕ್ಷರನ್ನು ನಿರ್ಧರಿಸುವ ಎಲೆಕ್ಟೋರಲ್ ಕಾಲೇಜ್‌ನಲ್ಲಿ 304–227ರಿಂದ ಸೋತರು. ಸರ್ಕಾರಿ ಪತ್ರವ್ಯವಹಾರಕ್ಕೆ ಖಾಸಗಿ ಇಮೇಲ್ ಬಳಸಿದ ವಿವಾದ, ಕೈಗಾರಿಕಾ ರಾಜ್ಯಗಳ ಅಸಮಾಧಾನ ಮುಂತಾದ ಹಲವು ಕಾರಣಗಳು ಆ ಸೋಲಿಗಿದ್ದವು. ಹೆಣ್ಣೆಂಬ ಒಂದೇ ಕಾರಣಕ್ಕೆ ಸೋತರೆನ್ನುವುದು ಪ್ರಾಮಾಣಿಕ ಮಾತಾಗುವುದಿಲ್ಲ.

ಆ ಸೋಲಿನ ನಂತರ ಪ್ರಶ್ನೆ ತನ್ನ ಅತ್ಯಂತ ನಯವಾದ ರೂಪ ತಾಳಿತು. 2020ರ ಡೆಮಾಕ್ರಟಿಕ್ ಕಣದಲ್ಲಿ ಆರು ಮಂದಿ ಮಹಿಳೆಯರಿದ್ದರು, ಮತ್ತು ಟಿ.ವಿ. ಚರ್ಚೆಗಳಲ್ಲಿ ಎಲ್ಲೆಲ್ಲೂ ಕೇಳಿಬಂದ ಪದ ‘ಗೆಲ್ಲುವ ಸಾಮರ್ಥ್ಯ’. ನನಗೇನೂ ಅಭ್ಯಂತರವಿಲ್ಲ, ಉಳಿದವರು ಒಪ್ಪುತ್ತಾರೆಯೇ ಎಂಬುದೇ ಚಿಂತೆ, ಎಂಬುದು ಅದರ ಒಳಗಿನ ಮಾತು. 2019ರ ಸಮೀಕ್ಷೆಯೊಂದರಲ್ಲಿ ಡೆಮಾಕ್ರಟಿಕ್ ಹಾಗೂ ಪಕ್ಷೇತರ ಮತದಾರರ ಪೈಕಿ ಸುಮಾರು ಮುಕ್ಕಾಲು ಪಾಲು ಜನ ತಮಗೆ ಮಹಿಳಾ ಅಧ್ಯಕ್ಷೆ ಒಪ್ಪಿಗೆ ಎಂದರು. ನಿಮ್ಮ ನೆರೆಹೊರೆಯವರಿಗೆ ಎಂದು ಕೇಳಿದಾಗ ಹೌದೆಂದವರು ಮೂರರಲ್ಲೊಂದು ಪಾಲು. 1937ರ ಅನುಮಾನ ಎಲ್ಲೂ ಹೋಗಿರಲಿಲ್ಲ, ಪಕ್ಕದ ಮನೆಗೆ ವರ್ಗವಾಗಿತ್ತು. ನನ್ನ ದೃಷ್ಟಿಯಲ್ಲಿ ಇದು ನಾಸ್ಟ್‌ನ ಚಿತ್ರಕ್ಕಿಂತ ಎದುರಿಸಲು ಕಷ್ಟವಾದದ್ದು, ಏಕೆಂದರೆ ಇಲ್ಲಿ ಉತ್ತರ ಕೊಡಬೇಕಾದ ಪೂರ್ವಗ್ರಹಕ್ಕೆ ಒಡೆಯರೇ ಇಲ್ಲ. 2020ರ ಜನವರಿಯ ಡೆ ಮೊಯ್ನ್ ಚರ್ಚೆಯಲ್ಲಿ ಎಲಿಜಬೆತ್ ವಾರನ್, ಈ ವೇದಿಕೆಯ ಮೇಲಿರುವ ಗಂಡಸರು ಒಟ್ಟು ಹತ್ತು ಚುನಾವಣೆ ಸೋತಿದ್ದಾರೆ, ನಿಂತ ಪ್ರತಿ ಚುನಾವಣೆಯನ್ನೂ ಗೆದ್ದವರು ಇಲ್ಲಿರುವ ಇಬ್ಬರು ಹೆಂಗಸರು ಮಾತ್ರ ಎಂದು ಲೆಕ್ಕ ಕೊಟ್ಟರು. ಮಾರ್ಚ್ ಮೊದಲ ವಾರದಲ್ಲಿ ಅವರಿಬ್ಬರೂ ಕಣದಿಂದ ಹಿಂದೆ ಸರಿದರು.

2024ರಲ್ಲಿ ಅಧ್ಯಕ್ಷ ಜೋ ಬೈಡನ್ ಕಣದಿಂದ ಸರಿದ ಮೇಲೆ ಡೆಮಾಕ್ರಟಿಕ್ ಅಭ್ಯರ್ಥಿಯಾದ ಕಮಲಾ ಹ್ಯಾರಿಸ್ ಅವರಿಗೆ ಪ್ರಚಾರಕ್ಕೆ ಸಿಕ್ಕದ್ದು 107 ದಿನ. ಅಷ್ಟರಲ್ಲಿ ಪತ್ರಿಕೆಗಳ ಜಾಗಕ್ಕೆ ಪಾಡ್‌ಕಾಸ್ಟ್‌ಗಳು ಬಂದಿದ್ದವು, ಅವುಗಳ ಕೇಳುಗರು ಬಹುಮಟ್ಟಿಗೆ ಗಂಡು-ಹೆಣ್ಣೆಂದು ಒಡೆದುಹೋಗಿದ್ದರು: ಹ್ಯಾರಿಸ್ ಹೆಂಗಸರು ಹೆಚ್ಚಾಗಿ ಕೇಳುವ ‘ಕಾಲ್ ಹರ್ ಡ್ಯಾಡಿ’ಗೆ ಹೋದರು, ಟ್ರಂಪ್ ಗಂಡಸರು ಹೆಚ್ಚಾಗಿ ಕೇಳುವ ಜೋ ರೋಗನ್ ಬಳಿಗೆ. ಹೆತ್ತ ಮಕ್ಕಳಿಲ್ಲ ಎಂಬುದೂ, ನಗುವ ರೀತಿಯೂ ಹ್ಯಾರಿಸ್ ಮೇಲೆ ದೂರಾದವು. ನವೆಂಬರ್‌ನಲ್ಲಿ ಅವರು 312–226ರಿಂದ ಸೋತರು. ಆ ಪ್ರಚಾರದುದ್ದಕ್ಕೂ ಅವರು ತಾವು ಹೆಣ್ಣೆಂಬ ವಿಷಯವನ್ನು ಬಹುತೇಕ ಎತ್ತಲೇ ಇಲ್ಲ. ಆಗಸ್ಟ್ 22ರ ರಾತ್ರಿ ಷಿಕಾಗೋ ಮಹಾಧಿವೇಶನದ ಸಭಾಂಗಣದಲ್ಲಿ, ಮತದಾನದ ಹಕ್ಕಿಗಾಗಿ ಹೋರಾಡಿದವರ ನೆನಪಿಗೆ ಮಹಿಳಾ ಪ್ರತಿನಿಧಿಗಳು ಸಾಲುಸಾಲಾಗಿ ಬಿಳಿ ಉಡುಪಿನಲ್ಲಿ ಕುಳಿತಿದ್ದರು. 1984ರಲ್ಲಿ ಫೆರಾರೊ, 2016ರಲ್ಲಿ ಕ್ಲಿಂಟನ್ ಇಂಥದೇ ರಾತ್ರಿ ಬಿಳಿ ತೊಟ್ಟು ಬಂದಿದ್ದರು. ಹ್ಯಾರಿಸ್ ಬಂದದ್ದು ಕಡುಬಣ್ಣದ ಸೂಟ್‌ನಲ್ಲಿ. ಅವರ ಭಾಷಣ ಅರ್ಥವ್ಯವಸ್ಥೆ, ಗಡಿ, ಗರ್ಭಪಾತದ ಹಕ್ಕು, ಸೇನಾಬಲಗಳ ಬಗ್ಗೆ ಇತ್ತು. ಅದಾದ ಮೇಲೆ ಪತ್ರಿಕೆಗಳಲ್ಲಿ ಬಂದ ವಿಶ್ಲೇಷಣೆಗಳಲ್ಲಿ, ಅವರು ಬಿಳಿ ಏಕೆ ತೊಡಲಿಲ್ಲ ಎಂಬುದೂ ಇತ್ತು.