ಅಷ್ಟು ಅವಸರ ಯಾರಿಗೆ? ಕೆಲಸ ಹುಡುಕುತ್ತಿರುವ ಹೊಸ ನರ್ಸ್‌ಗಳಿಗೆ

ಮೊನ್ನೆ ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ದನಿ ತೀರಾ ಮೆಲ್ಲಗಿತ್ತು.

"ಮೇಡಂ, ಎಚ್‌ಆರ್ ರೂಮಿನ ಹೊರಗೆ ನಿಂತಿದೀನಿ. ಸೆಲೆಕ್ಟ್ ಆಗಿದೀನಿ. ಇವತ್ತು ಸಂಜೆಯೊಳಗೆ ಸೈನ್ ಮಾಡಿ ಒರಿಜಿನಲ್ ಸರ್ಟಿಫಿಕೇಟ್ ಕೊಡ್ಬೇಕಂತೆ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತಿದಾರೆ. ಏನ್ ಮಾಡ್ಲಿ?"

ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಆಗಷ್ಟೇ ಮುಗಿದಿತ್ತು. ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಇನ್ನೂ ಕೈಗೆ ಬಂದಿರಲಿಲ್ಲ. ಹಾಸನದ ಕಡೆಯ ಹುಡುಗಿ, ತಲೆ ಮೇಲೆ ಎಜುಕೇಷನ್ ಲೋನ್ ಇದೆ. ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಇಂಥ ಫೋನ್‌ಗಳು ನನಗೆ ಬರುತ್ತವೆ.

ನಾನು ಪಾಠ ಮಾಡುವ ಮೊದಲು ವಾರ್ಡಿನಲ್ಲಿದ್ದೆ. ಆಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ಅದೇ ಇಂಟರ್‌ವ್ಯೂ ಮೇಜಿನ ಆ ಕಡೆಯೂ ಕೂತಿದ್ದೇನೆ. ಹಾಗಾಗಿ ಈ ಅವಸರ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತು.

ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವುದು ನಮ್ಮ ರಾಜ್ಯದಲ್ಲಿ. ವರ್ಷವರ್ಷವೂ ಸಾವಿರಾರು ಮಕ್ಕಳು ಒಟ್ಟಿಗೆ ಹೊರಗೆ ಬರುತ್ತಾರೆ. ಆದರೂ ಆಸ್ಪತ್ರೆಗಳಿಗೆ ನರ್ಸ್‌ಗಳು ಸಾಲುವುದಿಲ್ಲ. ಎರಡು ವರ್ಷ ಅನುಭವ ಆದವರು ಗಲ್ಫ್‌ಗೋ, ಬ್ರಿಟನ್‌ಗೋ, ಜರ್ಮನಿಗೋ ಹೊರಡುತ್ತಾರೆ. ನರ್ಸ್‌ಗಳ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ ಪಾಸಾದವರು ಆ ಕಡೆ ಹೋಗುತ್ತಾರೆ. ಉಳಿದವರು ಡಬಲ್ ಡ್ಯೂಟಿ ಮಾಡಿ ಸುಸ್ತಾಗಿ ಅವರೂ ರಾಜೀನಾಮೆ ಕೊಡುತ್ತಾರೆ. ಡ್ಯೂಟಿ ಚಾರ್ಟ್‌ನಲ್ಲಿ ಖಾಲಿ ಜಾಗ ಜಾಸ್ತಿಯಾಗುತ್ತದೆ. ಆಗ ಮೇಲಿನವರು ಎಚ್‌ಆರ್‌ಗೆ ಹೇಳುತ್ತಾರೆ: "ಒಂದನೇ ತಾರೀಕಿನೊಳಗೆ ಹತ್ತು ಜನ ಬೇಕು."

ಅಂದರೆ ಆ ಅವಸರ ನಿಮ್ಮದಲ್ಲ, ಅವರ ವಾರ್ಡಿನದು. ನಿಜವಾಗಿಯೂ ಹೊರಗೆ ಜನ ಕ್ಯೂ ನಿಂತಿದ್ದರೆ ಎರಡು ದಿನ ಕಾಯುವುದಕ್ಕೆ ಅವರಿಗೇನು ಕಷ್ಟ, ಅಲ್ವಾ? ಎರಡು ದಿನವೂ ಕಾಯಲಾರದ ಆಸ್ಪತ್ರೆ ತನ್ನ ವಾರ್ಡ್ ಹೇಗಿದೆ ಅಂತ ನಿಮಗೆ ಆಗಲೇ ಹೇಳಿಬಿಟ್ಟಿದೆ. ನಾಳೆ ಆ ಖಾಲಿ ಜಾಗದಲ್ಲಿ ನಿಲ್ಲುವವರು ನೀವೇ.

ಅವಳಿಗೆ ನಾನು ಹೇಳಿಕೊಟ್ಟ ಮಾತು ಇಷ್ಟೇ: "ಸರ್, ಸೆಲೆಕ್ಟ್ ಮಾಡಿದ್ದಕ್ಕೆ ತುಂಬಾ ಖುಷಿಯಾಯ್ತು. ಆಫರ್ ಲೆಟರ್ ಮತ್ತು ಬಾಂಡ್ ಕಾಪಿ ಇಮೇಲ್ ಮಾಡಿ. ಮನೇಲಿ ಮಾತಾಡಿ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಖಂಡಿತ ಹೇಳ್ತೀನಿ." (ಬಾಂಡ್ ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಇಷ್ಟು ದುಡ್ಡು ಕೊಡುತ್ತೇನೆ ಅಂತ ಬರೆದುಕೊಡುವ ಕರಾರು.) ಸುಮ್ನೆ "ಯೋಚನೆ ಮಾಡ್ತೀನಿ" ಅಂದರೆ ಅವರೂ ನಂಬುವುದಿಲ್ಲ. ದಿನ, ಹೊತ್ತು ನೀವೇ ಹೇಳಿ. ಹೇಳಿದ ಹೊತ್ತಿಗೆ ನೀವೇ ಫೋನ್ ಮಾಡಿ, ನಿಮ್ಮ ಉತ್ತರ "ಈ ಕೆಲಸ ಬೇಡ" ಅಂತಿದ್ದರೂ ಸರಿ. ಹೂಂ ಅಂದು ಜಾಯಿನ್ ಆಗದೆ ಉಳಿದರೆ ನಿಮ್ಮ ಹೆಸರು ಹಾಕಿದ್ದ ನೈಟ್ ಡ್ಯೂಟಿಯನ್ನು ಇನ್ನೊಬ್ಬ ಸಿಸ್ಟರ್ ಮಾಡಬೇಕಾಗುತ್ತದೆ.

ಒರಿಜಿನಲ್ ಸರ್ಟಿಫಿಕೇಟ್ ವಿಷಯಕ್ಕೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನನ್ನ ಮೊದಲ ಕೆಲಸ ಒಂದು ನರ್ಸಿಂಗ್ ಹೋಮ್‌ನಲ್ಲಿ. ಸೇರಿದ ದಿನವೇ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್ ಎಲ್ಲ ಇಸಿದುಕೊಂಡು ಬೀರುವಿನಲ್ಲಿ ಇಟ್ಟರು. ಒಂದೂವರೆ ವರ್ಷದ ಮೇಲೆ ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ನನಗೆ ಕರೆ ಬಂತು. ಸರ್ಟಿಫಿಕೇಟ್ ಕೇಳಿದೆ. ಬೀಗದ ಕೈ ದೊಡ್ಡ ಡಾಕ್ಟರ ಹತ್ತಿರ ಇದೆ, ಅವರು ಊರಲ್ಲಿಲ್ಲ ಅಂದರು. ಮಾರನೇ ದಿನ, ನೀನು ಹೋದರೆ ಡ್ಯೂಟಿ ಯಾರು ಮಾಡ್ತಾರೆ ಅಂದರು. ಪರಿಶೀಲನೆಯ ದಿನ ನಾನು ವಾರ್ಡಿನಲ್ಲಿ ಡ್ರೆಸಿಂಗ್ ಮಾಡುತ್ತಿದ್ದೆ. ಆ ಕೆಲಸ ನನಗೆ ಮತ್ತೆ ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಒರಿಜಿನಲ್ ತೋರಿಸಿ. ಅವರು ಪರಿಶೀಲಿಸಲಿ. ಸಹಿ ಹಾಕಿದ ಜೆರಾಕ್ಸ್ ಕೊಟ್ಟು, ಒರಿಜಿನಲ್ ಅವತ್ತೇ ವಾಪಸ್ ತನ್ನಿ. ಈಗಾಗಲೇ ಕೊಟ್ಟಿದ್ದರೆ ಯಾವ ಯಾವ ಸರ್ಟಿಫಿಕೇಟ್ ಅಂತ ಪಟ್ಟಿ ಬರೆದು, ಸಹಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಸಹಿ ಮಾಡಿದ ಖಾಲಿ ಚೆಕ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಅವರು ಮೊತ್ತ ಬರೆದು ಬ್ಯಾಂಕಿಗೆ ಹಾಕಿ, ಅದು ಬೌನ್ಸ್ ಆದರೆ ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಹಾಕುವುದಕ್ಕೆ ದಾರಿಯಾಗುತ್ತದೆ.

ಬಾಂಡ್ ಕಥೆ ಸ್ವಲ್ಪ ತೊಡಕಿನದು. ನರ್ಸ್‌ಗಳಿಂದ ಬಾಂಡ್ ಬರೆಸಿಕೊಳ್ಳುವ ಪದ್ಧತಿ ಬೇಡ ಅಂತ ಭಾರತೀಯ ನರ್ಸಿಂಗ್ ಕೌನ್ಸಿಲ್ 2011ರಲ್ಲೇ ಹೇಳಿತ್ತು. ಆದರೂ ಅದು ನಿಂತಿಲ್ಲ. "ಬಾಂಡ್ ಕೋರ್ಟಲ್ಲಿ ನಿಲ್ಲಲ್ಲ, ಧೈರ್ಯವಾಗಿ ಸೈನ್ ಮಾಡು" ಅಂತ ಸೀನಿಯರ್‌ಗಳು ಹೇಳುವುದುಂಟು. ಅದನ್ನು ಪೂರ್ತಿ ನಂಬಬೇಡಿ. ಬ್ಯಾಂಕ್ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಮೂರು ವರ್ಷದ ಸೇವೆ, ಇಲ್ಲದಿದ್ದರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಹಾಗಂತ ಬರೆದ ಮೊತ್ತವನ್ನೆಲ್ಲ ಕಣ್ಣುಮುಚ್ಚಿ ಕೊಡಬೇಕಂತಲೂ ಇಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮಿತಿ. ಆದರೆ ಅದನ್ನು ಕೋರ್ಟಿಗೆ ಹೋಗಿ ಹೇಳುವ ಶಕ್ತಿ ಹೊಸ ನರ್ಸ್‌ಗೆ ಎಲ್ಲಿರುತ್ತದೆ? ಅದಕ್ಕೇ ಸಹಿಗೆ ಮುಂಚೆ ಓದಿ. ಎಷ್ಟು ತಿಂಗಳು, ಎಷ್ಟು ದುಡ್ಡು, ಕೆಲಸ ಮಾಡಿದ ಹಾಗೆ ಆ ದುಡ್ಡು ಇಳಿಯುತ್ತದೆಯಾ, ನೋಟಿಸ್ ಪೀರಿಯಡ್ ಎಷ್ಟು, ಅನುಭವದ ಪತ್ರ ಯಾವಾಗ ಕೊಡುತ್ತಾರೆ. ಆ ಪತ್ರವನ್ನೂ ಹಿಡಿದಿಟ್ಟು ಸತಾಯಿಸುವವರಿದ್ದಾರೆ.

ಸಂಬಳದಲ್ಲಿ ಸಿಟಿಸಿ ಅನ್ನುವ ಮೂರಕ್ಷರ ಮಕ್ಕಳನ್ನು ತುಂಬಾ ಮೋಸಗೊಳಿಸುತ್ತದೆ. ಸಿಟಿಸಿ ಅಂದರೆ ಕಾಸ್ಟ್ ಟು ಕಂಪನಿ, ನಿಮಗಾಗಿ ಆಸ್ಪತ್ರೆ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. 20,000 ಸಿಟಿಸಿ ಅಂದರು ಅಂತಿಟ್ಟುಕೊಳ್ಳಿ. ಪಿಎಫ್ ಲೆಕ್ಕಕ್ಕೆ ಬೇಸಿಕ್ 12,000. ಆಸ್ಪತ್ರೆ ಕಟ್ಟುವ 12% ಪಿಎಫ್ 1,440 ಮತ್ತು ಅವರು ಕಟ್ಟುವ 3.25% ಇಎಸ್‌ಐ ಅದರೊಳಗೇ ಸೇರಿರುತ್ತವೆ. ಆಮೇಲೆ ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,440, ಇಎಸ್‌ಐ 0.75%. ಕೈಗೆ ಬರುವುದು ಸುಮಾರು 16,400. ಹಾಸ್ಟೆಲ್, ಮೆಸ್ ಅಂತ 3,500 ಹಿಡಿದರೆ ಊರಿಗೆ ಕಳಿಸುವುದಕ್ಕೆ ಏನು ಉಳಿಯುತ್ತದೆ? ಇನ್ನು ರಿಜಿಸ್ಟ್ರೇಷನ್ ನಂಬರ್ ಬರುವವರೆಗೆ ಟ್ರೈನಿ ಅಂತ ಇನ್ನೂ ಕಮ್ಮಿ ಕೊಡುವವರಿದ್ದಾರೆ. ನಂಬರ್ ಬಂದ ತಿಂಗಳಿಂದಲೇ ಪೂರ್ತಿ ಸಂಬಳ ಅಂತ ಲೆಟರ್‌ನಲ್ಲಿ ಬರೆಸಿಕೊಳ್ಳಿ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ವಿಷಯ ನೋಡಿ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000ಕ್ಕೆ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ನಷ್ಟೇ ಕೊಡಬೇಕು ಅಂತ ಅದು ಶಿಫಾರಸು ಮಾಡಿತ್ತು. ಇಷ್ಟು ವರ್ಷ ಕಳೆದರೂ ಹೆಚ್ಚಿನ ಕಡೆ ಅದು ಬರೀ ಕಾಗದವಾಗಿಯೇ ಉಳಿದಿದೆ.

ಆದರೆ ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ವಾರ್ಡ್. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು? ಎಷ್ಟು ದಿನ ಸೀನಿಯರ್ ಜೊತೆಗಿಟ್ಟು ಕಲಿಸುತ್ತಾರೆ? ಐಸಿಯು ಆದರೆ ವೆಂಟಿಲೇಟರ್ ಮೇಲಿರುವ ರೋಗಿಗೆ ಒಬ್ಬ ನರ್ಸ್ ಇರಬೇಕು, ಅದು ನಿಯಮ. ಓರಿಯೆಂಟೇಷನ್ ಇಲ್ಲದೆ ಮೊದಲ ವಾರವೇ ಮೂರು ವೆಂಟಿಲೇಟರ್ ಒಪ್ಪಿಸಿದರೆ ತಪ್ಪಾಗುವುದು ರೋಗಿಯ ಮೈಮೇಲೆ, ಸಹಿ ಇರುವುದು ನಿಮ್ಮದು.

ಇದನ್ನೆಲ್ಲ ಎಚ್‌ಆರ್ ನಿಜ ಹೇಳುತ್ತಾರೋ ಇಲ್ಲವೋ. ಅದಕ್ಕೆ ಒಂದು ದಾರಿ ಇದೆ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಗೇಟಿನ ಎದುರಿನ ಟೀ ಅಂಗಡಿಗೆ ಹೋಗಿ. ಎಂಟಕ್ಕೆ ನೈಟ್ ಡ್ಯೂಟಿ ಮುಗಿಯಬೇಕು. ಹ್ಯಾಂಡೋವರ್‌ಗೆ, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ, ಅರ್ಧ ಗಂಟೆ ಇಟ್ಟುಕೊಳ್ಳಿ. ಸಿಸ್ಟರ್‌ಗಳು ಎಷ್ಟು ಹೊತ್ತಿಗೆ ಹೊರಗೆ ಬರುತ್ತಾರೆ ನೋಡಿ. ಒಬ್ಬರನ್ನು ಮಾತಾಡಿಸಿ, ಟೀ ಕುಡೀತೀರಾ ಅಕ್ಕ ಅಂತ ಕೇಳಿ. ಹತ್ತು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ.

ಆ ಹುಡುಗಿ ಹಾಗೇ ಮಾಡಿದಳು. ಎಚ್‌ಆರ್ ಎರಡು ದಿನ ಕೊಡುವುದಿಲ್ಲ ಅಂದಿದ್ದರು. ಆದರೂ ಮಾರನೇ ದಿನ ಗೇಟಿನ ಹತ್ತಿರ ಹೋಗಿ ನಿಂತಳು. "ಮೇಡಂ, ಮೊದಲನೇ ಸಿಸ್ಟರ್ ಈಗ ಹೊರಗೆ ಬಂದ್ರು" ಅಂತ ಮೆಸೇಜ್ ಬಂದಾಗ ಒಂಬತ್ತೂ ನಲವತ್ತು. ಆ ಕೆಲಸ ಬಿಟ್ಟಳು. ಐದು ವಾರ ಮನೆಯಲ್ಲಿದ್ದಳು. ಅಪ್ಪ ಮಾತಾಡಿಸಲಿಲ್ಲವಂತೆ, ಅತ್ತು ಫೋನ್ ಮಾಡಿದ್ದಳು. ನಾನೂ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ, ತಪ್ಪು ಹೇಳಿದೆನಾ ಅಂತ. ಈಗ ಇನ್ನೊಂದು ಊರಿನ ಮಕ್ಕಳ ವಾರ್ಡಿನಲ್ಲಿದ್ದಾಳೆ. ಸಂಬಳ ಅಲ್ಲಿಗಿಂತ ಸಾವಿರದೈನೂರು ಕಮ್ಮಿ. ಮೊದಲ ತಿಂಗಳು ಪೂರ್ತಿ ಸೀನಿಯರ್ ಸಿಸ್ಟರ್ ಪಕ್ಕದಲ್ಲೇ ಇದ್ದರಂತೆ. ಎಳೆ ಮಗುವಿಗೆ ಐವಿ ಹಾಕುವುದನ್ನು ಕಲಿತೆ ಅಂತ ಹೋದ ಭಾನುವಾರ ಫೋನ್ ಮಾಡಿದ್ದಳು.