ಪದ ಪರಿಚಯ: ಐಸ್ ಕೋರ್, ಅಂದರೆ ಹಿಮದ ದಿಂಡು

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇಡುವ ರೂಢಿಯಿದೆ. ಬೆಳಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಅಂತ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅಜ್ಜ ಬರೆದ ಪುಸ್ತಕಗಳು ಇನ್ನೂ ಇವೆ. ಯಾವ ವರ್ಷ ಹೂಮಳೆ ತಡವಾಯಿತು, ಯಾವ ಆಷಾಢದಲ್ಲಿ ಜಾಸ್ತಿ ಸುರಿಯಿತು, ಎಲ್ಲಾ ಅದರಲ್ಲಿದೆ. ಮೊನ್ನೆ ಅಣ್ಣನ ಮಗಳು "ಚಿಕ್ಕಪ್ಪ, ಐಸ್ ಕೋರ್ ಅಂದ್ರೇನು?" ಅಂತ ಕೇಳಿದಾಗ ಆ ಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ. ಐಸ್ ಕೋರ್ ಕೂಡ ಇಂಥದ್ದೇ ಲೆಕ್ಕದ ಪುಸ್ತಕ, ಬರೆದದ್ದು ಮಾತ್ರ ಹಿಮ.

ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು ಕೂರುತ್ತದೆ. ಭಾರಕ್ಕೆ ಕೆಳಗಿನದು ಒತ್ತಿ ಗಟ್ಟಿಯಾಗುತ್ತದೆ. ಆ ಗಡ್ಡೆಯನ್ನು ಮೇಲಿನಿಂದ ಕೆಳಗಿನವರೆಗೆ ದುಂಡಗೆ ಕೊರೆದು ತೆಗೆದದ್ದೇ ಐಸ್ ಕೋರ್. ದಪ್ಪ ಸುಮಾರು 10 ಸೆಂಟಿಮೀಟರ್. ಇದನ್ನು 'ಹಿಮದ ದಿಂಡು' ಎಂದು ಕರೆಯಲು ನನಗಿಷ್ಟ. ಬಾಳೆದಿಂಡಿನ ಹಾಗೆ ಇದೂ ನಡುವಿನಿಂದ ತೆಗೆದದ್ದು, ಅಲ್ವಾ?

ತೆಗೆಯುವ ಯಂತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಿಗೆ ಬೋರ್‌ವೆಲ್ ಲಾರಿ ಬಂದರೆ ಹ್ಯಾಮರ್ ಕಲ್ಲನ್ನು ಪುಡಿ ಮಾಡುತ್ತದೆ, ಕಂಪ್ರೆಸರ್ ಗಾಳಿ ಆ ಪುಡಿಯನ್ನು ಹೊರಗೆ ಊದುತ್ತದೆ. ನಮಗೆ ಬೇಕಾದ್ದು ತೂತು. ಅಲ್ಲಿ ಬೇಕಾದ್ದು ತೂತಿನ ಜಾಗದಲ್ಲಿ ಇದ್ದ ಗಡ್ಡೆ. ಅದಕ್ಕೇ ಕೊಳವೆಯ ಬಾಯಿಯ ಸುತ್ತ ಮಾತ್ರ ಹಲ್ಲುಗಳಿರುತ್ತವೆ. ಅವು ಬಳೆಯಾಕಾರದಲ್ಲಿ ಕೊರೆಯುತ್ತಾ ಹೋದಂತೆ ನಡುವಿನ ದಿಂಡು ಕೊಳವೆಯೊಳಗೆ ಏರುತ್ತದೆ. ಮೇಲೆತ್ತುವಾಗ ಒಳಗಿನ ಸಣ್ಣ ಕೊಂಡಿಗಳು ದಿಂಡನ್ನು ಕಚ್ಚಿ ಮುರಿಯುತ್ತವೆ.

ಒಂದರ ಹಿಂದೆ ಒಂದು ರಾಡ್ ಜೋಡಿಸುವ ಕೆಲಸ ಇಲ್ಲಿಲ್ಲ. ಮೋಟಾರ್ ಸಮೇತ ಇಡೀ ಯಂತ್ರ ಕೇಬಲ್‌ನಲ್ಲಿ ನೇತಾಡುತ್ತದೆ. ಸುಮ್ನೆ ಬಿಟ್ಟರೆ ಹಲ್ಲಿನ ಬದಲು ಯಂತ್ರವೇ ತಿರುಗೀತು. ಹಾಗಾಗಿ ಸ್ಪ್ರಿಂಗ್ ಪಟ್ಟಿಗಳು ತೂತಿನ ಗೋಡೆಯನ್ನು ಒತ್ತಿ ಹಿಡಿದಿರುತ್ತವೆ. ಒಂದು ಸಲಕ್ಕೆ ಸಿಗುವುದು ಮೂರ್ನಾಲ್ಕು ಮೀಟರ್ ಅಷ್ಟೇ. ಮೂರು ಕಿಲೋಮೀಟರ್ ಆಳದಲ್ಲಿದ್ದರೂ ಅಷ್ಟಕ್ಕಾಗಿ ಇಳಿಸಿ, ಕೊರೆದು, ಮತ್ತೆ ಎತ್ತಬೇಕು. ಇನ್ನೊಂದು ತೊಡಕು: ಆಳದ ಗಡ್ಡೆ ಭಾರಕ್ಕೆ ನಿಧಾನವಾಗಿ ಹರಿದು ತೂತನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಸೀಮೆಎಣ್ಣೆಯಂಥ, ಹೆಪ್ಪುಗಟ್ಟದ ದ್ರವ ತುಂಬಿ ತೂತನ್ನು ತೆರೆದಿಡುತ್ತಾರೆ.

ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿಯಲ್ಲಿ 1966ರಲ್ಲಿ ಮೊದಲ ಸಲ ಹಿಮದ ಹಾಸಿನ ತಳ ಮುಟ್ಟಿದರು, 1,387 ಮೀಟರ್. ಅಂಟಾರ್ಕ್ಟಿಕಾದ ಡೋಮ್ ಸಿ ಎಂಬ ಜಾಗದ ದಿಂಡಿನಲ್ಲಿ 8 ಲಕ್ಷ ವರ್ಷಗಳ ಲೆಕ್ಕ ಸಿಕ್ಕಿತು. ಅದರ ಹತ್ತಿರದ ಲಿಟಲ್ ಡೋಮ್ ಸಿಯಲ್ಲಿ ಯುರೋಪಿನ ತಂಡ 2025ರ ಜನವರಿಯಲ್ಲಿ 2,800 ಮೀಟರ್ ಇಳಿದು 12 ಲಕ್ಷ ವರ್ಷ ಹಳೆಯ ಹಿಮ ತಂದಿತು. ಅಲ್ಲಿ ಬೇಸಿಗೆಯಲ್ಲೂ −35 ಡಿಗ್ರಿ ಚಳಿ.

ಆ ಹಿಮವನ್ನು ಓದುವುದು ಹೇಗೆ? ಕೊಟ್ಟಿಗೆಹಾರದಲ್ಲಿ ಧೋ ಎಂದು ಸುರಿದ ಮೋಡ ಕಡೂರಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ಮೋಡದ ನೀರಿನಲ್ಲಿ ತೂಕದ ಅಣುಗಳೂ ಇರುತ್ತವೆ, ಹಗುರದವೂ ಇರುತ್ತವೆ. ದಾರಿಯಲ್ಲಿ ತೂಕದವು ಮೊದಲು ಉದುರುತ್ತವೆ. ಚಳಿ ಹೆಚ್ಚಿದಷ್ಟೂ ಧ್ರುವ ಮುಟ್ಟುವ ತೂಕದ ನೀರು ಕಡಿಮೆ. ದಿಂಡಿನಲ್ಲಿ ಅದರ ಪಾಲು ಅಳೆದರೆ ಅಂದಿನ ಚಳಿ ತಿಳಿಯುತ್ತದೆ. ದಿಂಡಿನೊಳಗಿನ ಸಣ್ಣ ಗುಳ್ಳೆಗಳಲ್ಲಿ ಅಂದಿನ ಗಾಳಿಯೇ ಸಿಕ್ಕಿಕೊಂಡಿದೆ. ಆ 8 ಲಕ್ಷ ವರ್ಷಗಳಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 300 ಭಾಗ ದಾಟಿರಲಿಲ್ಲ. ಈಗ 420 ದಾಟಿದೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ದಿಗಿಲಾಗುತ್ತದೆ.

ಭಾರತದ ವಿಜ್ಞಾನಿಗಳು ತಂದ ದಿಂಡುಗಳು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದಲ್ಲಿವೆ. ಹೊರಗೆ ಕಡಲತೀರದ ಸೆಕೆ, ಒಳಗೆ −20 ಡಿಗ್ರಿ. ದಪ್ಪ ಕೋಟು ತೊಟ್ಟು ಒಳಹೋಗಿ, ಗರಗಸದಿಂದ ಕೊಯ್ದು, ಒಂದೊಂದು ತುಂಡಿಗೂ ಆಳ ಬರೆದು ಸಾಲಾಗಿ ಜೋಡಿಸುತ್ತಾರೆ.